ಶ್ರಾವಕನ ಕಿವಿ: ಕೇಳಿದ್ದರಲ್ಲಿ ಸಂಗತಿ ಎಷ್ಟು, ಅಭಿಪ್ರಾಯ ಎಷ್ಟು?

‘ಶ್ರಾವಕ’ ಎಂಬ ಪದವು ‘ಶ್ರು’ ಎಂಬ ಧಾತುವಿನಿಂದ ಬಂದುದು. ಕೇಳುವವನು ಶ್ರಾವಕ, ಕೇಳುವವಳು ಶ್ರಾವಿಕೆ. ಗೃಹಸ್ಥನಿಗೆ ಉಪಾಸಕ, ಸಾಗಾರ ಎಂಬ ಹೆಸರುಗಳೂ ಶಾಸ್ತ್ರಗಳಲ್ಲಿ ಉಂಟು. ಆದರೆ ಮನೆಮಾತಾಗಿ ಉಳಿದದ್ದು ಇದೇ. ಹೀಗಿದ್ದೂ ನಮ್ಮ ಪಾಠಶಾಲೆಗಳಲ್ಲಿ ಮಕ್ಕಳಿಗೆ ಓದುವುದನ್ನು ಕಲಿಸುತ್ತಾರೆ, ಸ್ತೋತ್ರಗಳನ್ನು ಬಾಯಿಪಾಠ ಮಾಡಿಸುತ್ತಾರೆ, ವೇದಿಕೆಯ ಮೇಲೆ ನಿಂತು ಮಾತನಾಡುವುದನ್ನೂ ಅಭ್ಯಾಸ ಮಾಡಿಸುತ್ತಾರೆ. ಕೇಳುವುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಕಿವಿ ಇದ್ದ ಮೇಲೆ ಕೇಳುವುದು ತಾನಾಗಿ ಬರುತ್ತದೆಂಬ ಭಾವನೆ.

ಪೂರ್ವಾಚಾರ್ಯರು ಹಾಗೆ ಭಾವಿಸಿರಲಿಲ್ಲ. ಇಂದ್ರಿಯದಿಂದ ಬರುವ ತಿಳಿವಿಗೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಮೆಟ್ಟಿಲುಗಳನ್ನು ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯವೇ ಹೇಳುತ್ತದೆ. ಇದಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಟ್ಟ ಉದಾಹರಣೆ ಸರಳವಾದುದು. ದೂರದಲ್ಲಿ ಬೆಳ್ಳಗೆ ಏನೋ ಕಂಡಿತು, ಇದು ಅವಗ್ರಹ. ಅದು ಬೆಳ್ಳಕ್ಕಿಯೋ ಬಾವುಟವೋ ಎಂದು ಅರಸುವುದು ಈಹಾ. ಮೇಲೇರಿ ಕೆಳಗಿಳಿಯುತ್ತ ರೆಕ್ಕೆ ಬಡಿಯುವುದನ್ನು ಕಂಡು ಬೆಳ್ಳಕ್ಕಿಯೇ ಎಂದು ನಿಶ್ಚಯಿಸುವುದು ಅವಾಯ. ಬೆಳಿಗ್ಗೆ ಕಂಡದ್ದೇ ಇದು ಎಂದು ಮುಂದೆ ಗುರುತು ಹಿಡಿಯುವಂತೆ ಉಳಿಸಿಕೊಳ್ಳುವುದು ಧಾರಣಾ. (ಪೇಟೆಯವರಿಗೆ ಧಾರಣೆ ಎಂದರೆ ಬೇರೆಯೇ ಅರ್ಥ; ಅಲ್ಲಿಯೂ ಈಹಾ ಇಲ್ಲದೆ ಧಾರಣೆಯನ್ನು ನಂಬಿದವನು ನಷ್ಟ ಹೊಂದುತ್ತಾನೆ.) ಕಣ್ಣಿಗೆ ಹೇಳಿದ ಈ ಕ್ರಮ ಕಿವಿಗೂ ಸಲ್ಲುತ್ತದೆ. ಇಂದಿನ ಕೇಳುಗರಲ್ಲಿ ಬಹುಮಂದಿ ಅವಗ್ರಹದಿಂದ ನೇರವಾಗಿ ಧಾರಣೆಗೆ ಹಾರುವವರು. ನಡುವಣ ಎರಡು ಮೆಟ್ಟಿಲುಗಳನ್ನು ತುಳಿಯುವುದೇ ಇಲ್ಲ.

ಕನ್ನಡ ಮಾತನಾಡುವ ಮಗುವಿಗೆ ಈ ಮೆಟ್ಟಿಲುಗಳನ್ನು ತೋರಿಸಲು ಹೊಸ ಸಾಧನವೇನೂ ಬೇಕಾಗಿಲ್ಲ. ರಾಯಚೂರಿನಿಂದ ಗುಂತಕಲ್ಲಿನ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಮಟಮಾರಿ ಎಂಬ ನಿಲ್ದಾಣವಿದೆ. ಅಲ್ಲಿ ನಿಂತವರ ಬಾಯಲ್ಲಿ ‘ಗಾಡಿ ಬಂತು’, ‘ಗಾಡಿ ಬಂತಂತೆ’, ‘ಗಾಡಿ ಬಂದಿರಬೇಕು’, ‘ಗಾಡಿ ಬಂದಿರಬಹುದು’, ‘ಈ ಗಾಡಿ ಯಾವಾಗಲೂ ತಡವೇ’ ಎಂಬ ಐದು ಮಾತುಗಳು ಬರುತ್ತವೆ ಎಂದಿಟ್ಟುಕೊಳ್ಳೋಣ. ಮೊದಲನೆಯದು ಕಂಡದ್ದು, ಎರಡನೆಯದು ಕೇಳಿದ್ದು, ಮೂರನೆಯದು ಗುರುತಿನಿಂದ ಊಹಿಸಿದ್ದು, ನಾಲ್ಕನೆಯದು ಬರಿಯ ಸಾಧ್ಯತೆ, ಐದನೆಯದು ಆಡಿದವನ ಬೇಸರ. ‘ಅಂತೆ’ ಎಂಬ ಎರಡಕ್ಷರ ಕನ್ನಡ ಭಾಷೆಯು ಕೇಳುಗನಿಗೆ ಕೊಟ್ಟ ಎಚ್ಚರಿಕೆ. ಆದರೆ ಈ ಎರಡಕ್ಷರ ಎರಡನೆಯ ಬಾಯಿಗೆ ಬರುವಾಗಲೇ ಉದುರಿಹೋಗುತ್ತದೆ. ‘ಬಂತಂತೆ’ ಎಂದು ಕೇಳಿದವನು ‘ಬಂತು’ ಎಂದು ಹೇಳುತ್ತಾನೆ. ‘ಇರಬಹುದು’ ಎಂಬುದು ಮೂರನೆಯ ಬಾಯಲ್ಲಿ ‘ಇದೆ’ ಆಗುತ್ತದೆ. ಸುಳ್ಳು ಹೇಳಬೇಕೆಂಬ ಉದ್ದೇಶ ಇವರಲ್ಲಿ ಯಾರಿಗೂ ಇರುವುದಿಲ್ಲ.

ಇದು ಪ್ಲಾಟ್‌ಫಾರಮ್ಮಿನ ಮಾತಾದರೆ ಹೆಚ್ಚೆಂದರೆ ಒಂದು ಗಾಡಿ ತಪ್ಪುತ್ತದೆ. ಇತಿಹಾಸದಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯಲು ಇದೇ ರಾಯಚೂರು ಜಿಲ್ಲೆಯ ಮಸ್ಕಿಗೆ ಹೋಗಬೇಕು.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ಉತ್ತರ ಭಾರತದ ಕಂಬಗಳ ಮೇಲೆ ದೊರೆತ ಹೆಸರು ‘ದೇವಾನಂಪಿಯ ಪಿಯದಸಿ’ ಎಂಬುದು. ಈ ಅರಸನು ಯಾರು? ಪ್ರಿನ್ಸೆಪ್ಪನು ಮೊದಲು ಸಿಂಹಳದ ದೇವಾನಂಪಿಯ ತಿಸ್ಸನಿರಬೇಕೆಂದು ಊಹಿಸಿದನು. ಅದೇ ವರ್ಷ ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಎಂಬವನು ದೀಪವಂಶ ಗ್ರಂಥದ ಆಧಾರದಿಂದ, ಪಿಯದಸಿ ಎಂದರೆ ಚಂದ್ರಗುಪ್ತನ ಮೊಮ್ಮಗನಾದ ಅಶೋಕನೇ ಎಂದು ತೋರಿಸಿದನು. ವಿದ್ವಾಂಸರು ಒಪ್ಪಿದರು. ಆದರೂ ಅದು ಬಲವಾದ ಊಹೆ, ‘ಇರಬೇಕು’ ಎಂಬ ವರ್ಗದ ಮಾತು. ಏಕೆಂದರೆ ಅದುವರೆಗೆ ದೊರೆತ ಆ ಅರಸನ ಯಾವ ಶಾಸನದಲ್ಲಿಯೂ ಅಶೋಕ ಎಂಬ ಹೆಸರಿರಲಿಲ್ಲ. ಹೀಗೆ 78 ವರ್ಷ ಕಳೆದವು. 1915ರಲ್ಲಿ, ರಾಯಚೂರು ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ, ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಬಂಡೆಯ ಮೇಲಿನ ಬರಹವನ್ನು ಕಂಡನು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಸಂಖ್ಯೆಯಾಗಿ ಪ್ರಕಟಿಸಿದರು. ಶಾಸನದ ಆರಂಭದಲ್ಲಿಯೇ ಅಶೋಕನ ಹೆಸರಿತ್ತು. ಅಲ್ಲಿಗೆ ‘ಇರಬೇಕು’ ಎಂಬುದು ‘ಇದೆ’ ಆಯಿತು. ಬಳಿಕ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉದೇಗೊಳಂ ಶಾಸನಗಳಲ್ಲಿಯೂ ಆ ಹೆಸರು ದೊರೆಯಿತು.

ಜೈನ ಓದುಗರು ಗಮನಿಸಬೇಕಾದ ಇನ್ನೊಂದು ಅಂಶವೂ ಈ ಬಂಡೆಯಲ್ಲಿದೆ. ಅಶೋಕನು ಮೊದಲು ಜೈನನಾಗಿದ್ದನೆಂದು ಎಡ್ವರ್ಡ್ ಥಾಮಸ್ ಎಂಬ ವಿದ್ವಾಂಸನು 1877ರಲ್ಲಿ ಒಂದು ಪುಸ್ತಕವನ್ನೇ ಬರೆದನು. ಅದು ಅವನ ಅಭಿಪ್ರಾಯ. ಸಭೆಗಳಲ್ಲಿ ಅದನ್ನು ಸಿದ್ಧವಾದ ಸಂಗತಿಯೆಂಬಂತೆ ಹೇಳಿದಾಗ ಚಪ್ಪಾಳೆ ಬೀಳುವುದುಂಟು. ಮಸ್ಕಿಯ ಬಂಡೆಯಾದರೋ ಅರಸನನ್ನು ಬುದ್ಧನ ಅನುಯಾಯಿ ಎಂದು ಕರೆಯುತ್ತದೆ. ಅದಕ್ಕೂ ಮೊದಲು ಅವನ ಮತ ಯಾವುದಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಅಶೋಕನ ಧರ್ಮಮಹಾಮಾತ್ರರು ನಿರ್ಗ್ರಂಥರ ಯೋಗಕ್ಷೇಮವನ್ನೂ ನೋಡಿಕೊಳ್ಳುತ್ತಿದ್ದರೆಂದು ಅವನ ಏಳನೆಯ ಸ್ತಂಭಶಾಸನವು ಸ್ಪಷ್ಟವಾಗಿ ಹೇಳುತ್ತದೆ. ಧೈರ್ಯವಾಗಿ ಹೇಳಬಹುದಾದ ಸಂಗತಿ ಇದು, ಇದೇನು ಸಣ್ಣದಲ್ಲ.

ಪರರ ಮಾತನ್ನು ಹೀಗೆ ಜರಡಿ ಹಿಡಿಯುವುದು ಸುಲಭ. ಮನೆಯ ಮಾತನ್ನು ಹಿಡಿಯುವಾಗ ಕೈ ನಡುಗುತ್ತದೆ. ಭದ್ರಬಾಹು ಸ್ವಾಮಿಗಳೊಡನೆ ಚಂದ್ರಗುಪ್ತ ಮೌರ್ಯನು ಶ್ರವಣಬೆಳಗೊಳಕ್ಕೆ ಬಂದು ಚಿಕ್ಕಬೆಟ್ಟದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನೆಂಬುದನ್ನು ಪ್ರತಿಯೊಂದು ದಿಗಂಬರ ಮನೆಯ ಮಗುವೂ ಕೇಳಿ ಬೆಳೆಯುತ್ತದೆ. ಅದೇ ಮಗು ಕಾಲೇಜಿಗೆ ಹೋದಾಗ, ‘ಅದೆಲ್ಲ ಕಟ್ಟುಕಥೆ’ ಎಂಬ ಮಾತೂ ಕಿವಿಗೆ ಬೀಳುತ್ತದೆ. ಮನೆಯಲ್ಲಿ ‘ಅಂತೆ’ಯನ್ನು ಬಿಟ್ಟು ಹೇಳಿದ್ದರು, ಕಾಲೇಜಿನಲ್ಲಿ ‘ನನಗೆ ತೋರುವ ಮಟ್ಟಿಗೆ’ ಎಂಬುದನ್ನು ಬಿಟ್ಟು ಹೇಳಿದರು. ಎರಡರ ನಡುವೆ ಮಗುವಿನ ಶ್ರದ್ಧೆ ಒಡೆಯುತ್ತದೆ, ಇಲ್ಲವೆ ಬುದ್ಧಿ ಮುಚ್ಚುತ್ತದೆ.

ಇರುವ ಆಧಾರಗಳನ್ನು ಕಾಲಕ್ರಮದಲ್ಲಿ ಇಟ್ಟು ನೋಡಬೇಕು. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಸಂಸ್ಕೃತ ಶಾಸನವು ಸುಮಾರು ಕ್ರಿ.ಶ. 600ರದು. ನಿಮಿತ್ತಜ್ಞಾನಿಗಳಾದ ಭದ್ರಬಾಹು ಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವಿಷಮಕಾಲವನ್ನು ಮುಂತಿಳಿಸಿದರೆಂದೂ ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತೆಂದೂ ಪ್ರಭಾಚಂದ್ರರೆಂಬ ಆಚಾರ್ಯರು ಕಟವಪ್ರದ ಮೇಲೆ ಸಮಾಧಿ ಹೊಂದಿದರೆಂದೂ ಅದು ಹೇಳುತ್ತದೆ. ಚಂದ್ರಗುಪ್ತನ ಹೆಸರು ಅದರಲ್ಲಿಲ್ಲ. ಪ್ರಭಾಚಂದ್ರ ಎಂಬುದು ಚಂದ್ರಗುಪ್ತನ ದೀಕ್ಷಾನಾಮ ಎಂದವರು 1889ರಲ್ಲಿ ಬೆಳಗೊಳದ ಶಾಸನಗಳನ್ನು ಪ್ರಕಟಿಸಿದ ಲೂಯಿಸ್ ರೈಸ್. ಇದನ್ನು ಫ್ಲೀಟ್ ಒಪ್ಪಲಿಲ್ಲ. ಶಾಸನದ ಗುರುಪರಂಪರೆಯಲ್ಲಿ ಒಮ್ಮೆ ಭದ್ರಬಾಹುಗಳ ಹೆಸರು ಬಂದು, ಅನೇಕ ಆಚಾರ್ಯರ ಹೆಸರುಗಳಾದ ಮೇಲೆ ಮತ್ತೊಮ್ಮೆ ‘ಭದ್ರಬಾಹು ಸ್ವಾಮಿ’ ಎಂದು ಬರುತ್ತದೆ. ಆದುದರಿಂದ ವಲಸೆ ಹೊರಡಿಸಿದವರು ಶ್ರುತಕೇವಲಿಗಳಲ್ಲ, ಎರಡನೆಯ ಭದ್ರಬಾಹು ಎಂಬುದು ಅವನ ವಾದ. ರೈಸ್, ಫ್ಲೀಟ್ ಇಬ್ಬರೂ ಓದಿದ ಕಲ್ಲು ಒಂದೇ.

ಸುಮಾರು 650ರ ಇನ್ನೊಂದು ಶಾಸನವು ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳ ಜೋಡಿಯನ್ನು ಹೆಸರಿಸುತ್ತದೆ. ಸುಮಾರು 900ರ ಶ್ರೀರಂಗಪಟ್ಟಣ ಸೀಮೆಯ ಶಾಸನಗಳು ಬೆಟ್ಟದ ಮೇಲೆ ಇಬ್ಬರ ಪಾದಗುರುತುಗಳಿವೆ ಎನ್ನುತ್ತವೆ. ಮುನಿ ಚಂದ್ರಗುಪ್ತನು ಮೌರ್ಯ ಚಕ್ರವರ್ತಿಯೇ ಎಂಬುದನ್ನು ಇವು ಬಿಡಿಸಿ ಹೇಳುವುದಿಲ್ಲ. 931ರಲ್ಲಿ ಹರಿಷೇಣರು ರಚಿಸಿದ ಬೃಹತ್ಕಥಾಕೋಶದಲ್ಲಿ ಕಥೆ ಬೇರೆ: ಭದ್ರಬಾಹುಗಳು ಉತ್ತರದಲ್ಲಿಯೇ ಉಳಿದು ಸಮಾಧಿ ಹೊಂದುತ್ತಾರೆ, ರಾಜ ಚಂದ್ರಗುಪ್ತನು ವಿಶಾಖಾಚಾರ್ಯನೆಂಬ ಹೆಸರಿನಿಂದ ಸಂಘವನ್ನು ಪುನ್ನಾಟಕ್ಕೆ ಕರೆತರುತ್ತಾನೆ. ಶ್ವೇತಾಂಬರ ಪರಂಪರೆಯಲ್ಲಿ ಭದ್ರಬಾಹುಗಳು ಹೋದದ್ದು ನೇಪಾಳಕ್ಕೆ. ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರದಲ್ಲಿ ದಾಸೋಜನು ಕೊರೆದ ಕಥಾಚಿತ್ರಗಳು ಸುಮಾರು ಹನ್ನೆರಡನೆಯ ಶತಮಾನದವು. ಆ ಕಾಲದ ಭಕ್ತರು ಏನನ್ನು ನಂಬಿದ್ದರು ಎಂಬುದಕ್ಕೆ ಅವು ನಿರ್ವಿವಾದ ಸಾಕ್ಷಿ. ಒಂದೂವರೆ ಸಾವಿರ ವರ್ಷಗಳ ಹಿಂದೆ ನಡೆದುದಕ್ಕೆ ಅವನ್ನು ಸಾಕ್ಷಿಯಾಗಿ ಕರೆಯುವುದು ಹೇಗೆ?

ಲೆಕ್ಕ ಬಲ್ಲವರು ಇನ್ನೊಂದು ತೊಡಕನ್ನೂ ನೋಡಬೇಕು. ದಿಗಂಬರ ಪರಂಪರೆಯಂತೆ ವೀರನಿರ್ವಾಣದ ಬಳಿಕ ಮೂವರು ಕೇವಲಿಗಳಿಗೆ 62 ವರ್ಷ, ಐವರು ಶ್ರುತಕೇವಲಿಗಳಿಗೆ 100 ವರ್ಷ, ಒಟ್ಟು 162. ನಿರ್ವಾಣವು ಕ್ರಿ.ಪೂ. 527 ಎಂದರೆ ಭದ್ರಬಾಹುಗಳ ಕಾಲ 365ಕ್ಕೆ ಮುಗಿಯಿತು. ಚಂದ್ರಗುಪ್ತನು ಪಟ್ಟಕ್ಕೆ ಬಂದದ್ದು ಸುಮಾರು 321ರಲ್ಲಿ. ನಡುವೆ ನಲವತ್ತಕ್ಕೂ ಹೆಚ್ಚು ವರ್ಷಗಳ ಅಂತರ. ಶಾರ್ಪೆಂಟಿಯರ್ ಮೊದಲಾದವರು ನಿರ್ವಾಣವನ್ನು ಸುಮಾರು 60 ವರ್ಷ ಈಚೆಗೆ ತಂದರೆ ಗುರುಶಿಷ್ಯರು ಒಂದೇ ಕಾಲಕ್ಕೆ ಬರುತ್ತಾರೆ. ಆದರೆ ದೇಶವೇ 1974ರಲ್ಲಿ ಆಚರಿಸಿದ 2500ನೆಯ ನಿರ್ವಾಣ ಮಹೋತ್ಸವದ ಗಣನೆ ತಪ್ಪುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ಸಂಗತಿಯೆಂದು ಹೇಳುವವರು ಖಾತೆಯ ಎರಡು ಬದಿಗಳನ್ನು ಕೂಡಿ ನೋಡಿದವರಲ್ಲ.

ಇಷ್ಟರಿಂದ ಪರಂಪರೆ ಸುಳ್ಳೆಂದು ತೀರ್ಮಾನಿಸುವುದೂ ಆತುರವೇ. ವಿನ್ಸೆಂಟ್ ಸ್ಮಿತ್ ಮೊದಲು ಈ ವೃತ್ತಾಂತವನ್ನು ತಳ್ಳಿಹಾಕಿ, ತರುವಾಯ ಸ್ಥೂಲವಾಗಿ ನಿಜವಿರಬೇಕೆಂದು ಒಪ್ಪಿದನು. ಅಂಗಡಿಯ ಲೆಕ್ಕದಲ್ಲಿ ಅನಾಮತ್ತು ಖಾತೆ ಎಂಬುದೊಂದು ಇರುತ್ತದೆ. ಚೀಟಿ ಸಿಗದ ಹಣವನ್ನು ಜಾಣ ಗುಮಾಸ್ತನು ಆದಾಯಕ್ಕೆ ಜಮಾ ಮಾಡುವುದಿಲ್ಲ, ಬಿಸಾಡುವುದೂ ಇಲ್ಲ; ಆಧಾರ ಬರುವವರೆಗೆ ಅಲ್ಲಿ ಇಡುತ್ತಾನೆ. ಪಿಯದಸಿ ಅಶೋಕನೇ ಎಂಬ ಊಹೆ 78 ವರ್ಷ ಅನಾಮತ್ತಿನಲ್ಲಿದ್ದು ಮಸ್ಕಿಯಲ್ಲಿ ಚೀಟಿ ದೊರಕಿಸಿಕೊಂಡಿತು. ಚಂದ್ರಗುಪ್ತ ಮುನಿಗೂ ಮೌರ್ಯ ಅರಸನಿಗೂ ಇರುವ ನಂಟು ಇನ್ನೂ ಅಲ್ಲಿಯೇ ಇದೆ.

ಈ ಮಾತಿಗೆ ಕೆಲವರು ಸ್ಯಾದ್ವಾದವನ್ನು ಅಡ್ಡ ತರುತ್ತಾರೆ: ‘ಎಲ್ಲವೂ ಒಂದೊಂದು ದೃಷ್ಟಿ, ನಿಮ್ಮದು ನಿಮಗೆ, ನಮ್ಮದು ನಮಗೆ.’ ಇದು ಅನೇಕಾಂತಕ್ಕೆ ಮಾಡುವ ಅಪಚಾರ. ವಸ್ತುವಿಗೆ ಅನೇಕ ಧರ್ಮಗಳುಂಟು ಎಂದು ಹೇಳುವವನು ವಸ್ತು ಉಂಟೆಂದು ಮೊದಲು ಒಪ್ಪಿರಬೇಕು. ‘ಸ್ಯಾತ್’ ಎಂದರೆ ಯಾವ ಅಪೇಕ್ಷೆಯಿಂದ ಹೇಳಿದ್ದು ಎಂಬುದನ್ನು ಮಾತಿನೊಳಗೇ ಕಟ್ಟಿಕೊಡುವುದು. ಅದನ್ನು ಬಾಯಿ ತಪ್ಪಿಸಿಕೊಳ್ಳುವ ಉಪಾಯ ಮಾಡಿಕೊಳ್ಳಬಾರದು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಮಿಥ್ಯೋಪದೇಶ, ಕೂಟಲೇಖಕ್ರಿಯೆಗಳನ್ನು ಸೇರಿಸಿದ ಆಚಾರ್ಯರು, ಸಂಗತಿ ಎಂಬುದೊಂದು ಇದೆ ಎಂದು ತಿಳಿದೇ ಹಾಗೆ ಮಾಡಿದರು.

ಪಾಠಶಾಲೆಯಲ್ಲಿ ಮಾಡಬಹುದಾದುದು ಕಷ್ಟದ್ದೇನಲ್ಲ. ಪ್ರವಚನ ಮುಗಿದ ಮೇಲೆ ಹತ್ತು ನಿಮಿಷ ಮಕ್ಕಳಿಂದ ಕೇಳಿದ್ದನ್ನು ಹೇಳಿಸಬೇಕು. ಪ್ರತಿ ಮಾತಿಗೂ ‘ಯಾರು ಕಂಡರು, ಎಲ್ಲಿ ಬರೆದಿದೆ, ಬರೆದದ್ದು ಎಂದು?’ ಎಂದು ಕೇಳಬೇಕು. ‘ಮಹಾನ್’, ‘ಅತಿ ಪ್ರಾಚೀನ’, ‘ನಿಸ್ಸಂದೇಹವಾಗಿ’ ಎಂಬ ಪದಗಳು ಕಿವಿಗೆ ಬಿದ್ದಾಗ ಬೆರಳೆತ್ತುವ ಆಟವನ್ನು ಚಿಕ್ಕವರಿಗೆ ಕಲಿಸಬಹುದು. ಅಂಥ ಪದದ ಹಿಂದೆ ಹೇಳುವವನ ಮನಸ್ಸು ನಿಂತಿರುತ್ತದೆ. ಪ್ರವಚನಕಾರರು ಇದನ್ನು ಅವಿನಯವೆಂದು ಭಾವಿಸುವ ಅಪಾಯ ಇದೆ. ಆದರೆ ಸ್ವಾಧ್ಯಾಯದ ಐದು ಅಂಗಗಳಲ್ಲಿ ವಾಚನೆಯ ಬೆನ್ನಿಗೇ ಪೃಚ್ಛನೆ, ಅಂದರೆ ಪ್ರಶ್ನಿಸುವುದು, ಬಂದಿದೆ; ಅದೂ ತಪಸ್ಸಿನ ಭಾಗವೇ.

ಬಸದಿಗಳ ಆಡಳಿತ ಮಂಡಳಿಗಳ ಪಾಲಿನ ಕೆಲಸ ಗೋಡೆಯ ಮೇಲಿದೆ. ಸ್ಥಳಮಹಿಮೆಯ ಫಲಕಗಳಲ್ಲಿ ಶಾಸನದ ಮಾತು, ಪರಂಪರೆಯ ಮಾತು, ವಿದ್ವಾಂಸರ ಮತ ಮೂರೂ ಒಂದೇ ಬಣ್ಣದ ಅಕ್ಷರಗಳಲ್ಲಿ ಬೆರೆತಿರುತ್ತವೆ. ಅವುಗಳನ್ನು ಬೇರ್ಪಡಿಸಿ, ಶಾಸನದ ಮುಂದೆ ಅದರ ವರ್ಷ, ಪರಂಪರೆಯ ಮುಂದೆ ಗ್ರಂಥದ ಹೆಸರು, ಮತದ ಮುಂದೆ ವಿದ್ವಾಂಸನ ಹೆಸರು ಬರೆಸಲು ಹೆಚ್ಚಿಗೆ ತಗಲುವುದು ಒಂದು ಡಬ್ಬಿ ಬಣ್ಣ. ರಾಯಚೂರು, ಮಾನ್ವಿ, ದೇವದುರ್ಗಗಳ ಮಕ್ಕಳನ್ನು ಯಾತ್ರೆಗೆ ಕರೆದೊಯ್ಯುವವರು ಶ್ರವಣಬೆಳಗೊಳಕ್ಕೆ ಮುಂಚೆ ಒಂದು ದಿನ ಮಸ್ಕಿಗೆ ಹೋಗಿಬರಲಿ. ಹೊರಡುವ ಮುನ್ನ ಬ್ರಾಹ್ಮಿಯ ಅ, ಸೋ, ಕ ಎಂಬ ಮೂರು ಅಕ್ಷರಗಳನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿ, ಬಂಡೆಯ ಮೊದಲ ಸಾಲಿನಲ್ಲಿ ಅವು ಎಲ್ಲಿವೆ ಎಂದು ಹುಡುಕಲು ಮಕ್ಕಳಿಗೇ ಬಿಡಬೇಕು.