ಮೆಜೆಸ್ಟಿಕ್ಕಿನ ಕೆಳಗೆ ಕೆರೆ ಅಂಗಳ

ಕಳೆದ ತಿಂಗಳು ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ಚೆಕಪ್ ಮುಗಿಸಿ ಊರಿನ ಬಸ್ಸು ಹತ್ತಿಸೋಣ ಅಂತ ಮೆಟ್ರೋದಲ್ಲಿ ಮೆಜೆಸ್ಟಿಕ್ಕಿಗೆ ಕರ್ಕೊಂಡು ಬಂದೆ. ಕಪ್ಪು ಕನ್ನಡಕ, ಕೈಯಲ್ಲಿ ಔಷಧಿ ಚೀಟಿಗಳ ಪ್ಲಾಸ್ಟಿಕ್ ಕವರು. ಎಸ್ಕಲೇಟರ್ ಬೇಡ ಅಂದ. ಸರಿ, ಮೆಟ್ಟಿಲು ಹತ್ತುತ್ತಾ ಬಂದ್ವಿ. ಅರ್ಧ ದಾರಿಗೆ ನಿಂತು, ಕಂಬಿ ಹಿಡ್ಕೊಂಡು ಕೆಳಗೆ ನೋಡಿ, "ಇದೇನ್ಲಾ ಇಷ್ಟು ಆಳ ತಗ್ದವ್ರೆ? ನೀರು ಬರ್ಲಿಲ್ವಾ?" ಅಂತ ಕೇಳಿದ.

ನಾನು ಜಾಣತನ ತೋರ್ಸೋಕೆ, "ಅಪ್ಪ, ಇದು ಮೊದಲು ಕೆರೆ ಅಂಗಳ. ಧರ್ಮಾಂಬುಧಿ ಅಂತ ದೊಡ್ಡ ಕೆರೆ ಇತ್ತು" ಅಂದೆ.

"ಹಂಗಾದ್ರೆ ಏರಿ ಯಾವ ಕಡೆಗಿತ್ತು? ಹಳ್ಳ ಎಲ್ಲಿಂದ ಬರ್ತಿತ್ತು?"

ನಂಗೆ ಗೊತ್ತಿರಲಿಲ್ಲ. ಈ ಊರಲ್ಲಿ ಕೆಲಸ ಮಾಡೋಕೆ ಶುರು ಮಾಡಿ 12 ವರ್ಷ ಆಯ್ತು, ವಾರಕ್ಕೆ ನಾಲ್ಕು ಸಲ ಇದೇ ನಿಲ್ದಾಣದಲ್ಲಿ ಪರ್ಪಲ್ ಲೈನಿಂದ ಗ್ರೀನ್ ಲೈನಿಗೆ ಓಡ್ತೀನಿ. ಇಲ್ಲಿ ಕೆರೆ ಇತ್ತು ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ, ಕ್ವಿಜ್‌ನಲ್ಲಿ ಕೇಳೋ ಥರದ್ದು. ಆದ್ರೆ ಅಪ್ಪ ಕೇಳಿದ್ದು ನೀರುಗಂಟಿಯ ಮಗನ ಪ್ರಶ್ನೆ. ನಮ್ಮ ತಾತ ಊರ ಕೆರೆಯ ನೀರುಗಂಟಿ ಆಗಿದ್ದ. ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಬಿಡಬೇಕು ಅಂತ ತೂಬು ಎತ್ತಿ ಇಳಿಸೋ ಕೆಲಸ. ಅಂಥವನ ಮಗನಿಗೆ ಕೆರೆ ಅಂದ್ರೆ ನೀರು ನಿಂತ ಜಾಗ ಅಲ್ಲ. ಹಳ್ಳ, ಅಂಗಳ, ಏರಿ, ತೂಬು, ಕೋಡಿ ಎಲ್ಲ ಸೇರಿದ್ದು. ನಾನು ಉತ್ತರ ಕೊಡದೆ ಇದ್ದಾಗ ಅಪ್ಪನೇ, "ಏರಿ ಮೇಲೆ ಒಂದು ಅಮ್ಮನ ಗುಡಿ ಇರ್ಬೇಕು, ನೋಡು" ಅಂದ.

ಇದೆ! ಕೆಂಪೇಗೌಡ ರಸ್ತೆಯ ಅಣ್ಣಮ್ಮ ದೇವಸ್ಥಾನ. ಬೆಂಗಳೂರಿನ ನಗರದೇವತೆ ಅಂತ ಕರೆಯೋ ಅಣ್ಣಮ್ಮ ಧರ್ಮಾಂಬುಧಿ ಕೆರೆ ದಡದ ದೇವತೆ. ಏರಿ ಹುಡುಕೋದೂ ಕಷ್ಟ ಆಗಲಿಲ್ಲ. ಬಸ್ ನಿಲ್ದಾಣದ ಪಕ್ಕದಲ್ಲೇ ಟ್ಯಾಂಕ್ ಬಂಡ್ ರಸ್ತೆ ಇದೆ, ಅಂಗಡಿ ಬೋರ್ಡುಗಳ ಮೇಲೆ ಈಗಲೂ ಅದೇ ಹೆಸರು. ಬ್ಯಾಗು, ಬೆಲ್ಟು, ಮೊಬೈಲ್ ಕವರು ಮಾರೋ ಜಾಗ. ಎಷ್ಟೋ ಸಲ ಅಲ್ಲಿ ಓಡಾಡಿದ್ದೀನಿ, ಬಂಡ್ ಅಂದ್ರೆ ಕೆರೆ ಏರಿ ಅಂತ ಒಂದು ಸಲಾನೂ ಹೊಳೆದಿರಲಿಲ್ಲ.

ಇನ್ನು ಹಳ್ಳದ ವಿಷಯ. ಬೆಂಗಳೂರು ಒಂದು ದಿಬ್ಬದ ಮೇಲೆ ಕೂತಿರೋ ಊರು. ಇಲ್ಲಿ ಬಿದ್ದ ಮಳೆ ಮೂರು ಕಡೆ ಇಳಿಯುತ್ತೆ: ಉತ್ತರಕ್ಕೆ ಹೆಬ್ಬಾಳ, ಆಗ್ನೇಯಕ್ಕೆ ಕೋರಮಂಗಲ-ಚಲ್ಲಘಟ್ಟ, ನೈಋತ್ಯಕ್ಕೆ ವೃಷಭಾವತಿ. ಮೆಜೆಸ್ಟಿಕ್ ಇರೋದು ವೃಷಭಾವತಿಯ ಕಣಿವೆಯಲ್ಲಿ. ಶೇಷಾದ್ರಿಪುರ, ಮಲ್ಲೇಶ್ವರದ ಕಡೆಯ ಎತ್ತರದಿಂದ ಹರಿದು ಬಂದ ನೀರು ಈ ತಗ್ಗಿನಲ್ಲಿ ನಿಲ್ತಿತ್ತು, ಹೆಚ್ಚಾಗಿದ್ದು ಕೋಡಿ ಬಿದ್ದು ವೃಷಭಾವತಿ ಸೇರಿ, ಅಲ್ಲಿಂದ ಅರ್ಕಾವತಿ, ಕೊನೆಗೆ ಕಾವೇರಿ. ಈಗ ಜೋರು ಮಳೆ ಬಂದ ದಿನ ಓಕಳಿಪುರದ ಅಂಡರ್‌ಪಾಸಿನಲ್ಲಿ ಕಾರು ಮುಳುಗೋ ವಿಡಿಯೋ ಬರುತ್ತಲ್ಲ, ಆ ನೀರು ಹೊಸದಾಗಿ ದಾರಿ ತಪ್ಪಿ ಬಂದಿದ್ದಲ್ಲ. ಹಳೇ ದಾರಿ ಹಿಡಿದು ಬಂದಿದ್ದು.

ಊರು ಕಟ್ಟಿದ ಕೆಂಪೇಗೌಡರ ಕಾಲದ ಕೆರೆ ಇದು ಅನ್ನೋದು ಪ್ರತೀತಿ. ಪೇಟೆ ಹುಟ್ಟಿದ್ದು 1537ರಲ್ಲಿ. ಪೇಟೆಯ ಸುತ್ತ ನದಿ ಇರಲಿಲ್ಲ, ಆದ್ದರಿಂದ ಕೆರೆ ಬೇಕೇ ಬೇಕಿತ್ತು. ಚಿಕ್ಕಪೇಟೆ, ಬಳೆಪೇಟೆ, ಅರಳೇಪೇಟೆಗಳ ಜನ ಕುಡಿಯೋಕೆ, ತೊಳೆಯೋಕೆ ಆಶ್ರಯಿಸಿದ್ದು ಇಂಥ ಕೆರೆಗಳನ್ನ, ಬಾವಿಗಳನ್ನ. ಧರ್ಮಾಂಬುಧಿ ಅಂದ್ರೆ ಧರ್ಮದ ಕಡಲು. ಕೆರೆಗೆ ಕಡಲು ಅಂತ ಹೆಸರಿಟ್ಟವರಿಗೆ ಅದರ ಮೇಲೆ ಎಷ್ಟು ಭರವಸೆ ಇತ್ತು ಅಂತ ಅಂದಾಜು ಮಾಡಬಹುದು.

ಈ ಕೆರೆ ಸತ್ತಿದ್ದು ಹೇಗೆ? ಯಾರೋ ಒಬ್ಬ ಲಾರಿಯಲ್ಲಿ ಮಣ್ಣು ತಂದು ಸುರಿದ ಅಂದ್ಕೊಂಡಿದ್ದೆ. ಅಷ್ಟು ಸುಲಭ ಇಲ್ಲ.

ಬೆಂಗಳೂರಿಗೆ ಮೊದಲ ರೈಲು ಬಂದಿದ್ದು 1864ರಲ್ಲಿ, ಜೋಲಾರಪೇಟೆ ಕಡೆಯಿಂದ ದಂಡಿಗೆ, ಅಂದ್ರೆ ಕಂಟೋನ್ಮೆಂಟಿಗೆ. ಪೇಟೆಯ ಕಡೆಗೆ ಹಳಿ ಬಂದು, 1882ರ ಹೊತ್ತಿಗೆ ಮೈಸೂರಿಗೂ ರೈಲು ಓಡ್ತಿತ್ತು. ಅದೇ ದಶಕದಲ್ಲಿ ಮಲ್ಲೇಶ್ವರದ ಮೇಲಿಂದ ನಮ್ಮ ತುಮಕೂರು ಕಡೆಗೂ ಹಳಿ ಹೋಯ್ತು. ಕೆರೆ ಎದುರಿಗೇ ಸಿಟಿ ಸ್ಟೇಷನ್ ಆಯ್ತು. 1890ರ ದಶಕದಲ್ಲಿ ಶೇಷಾದ್ರಿಪುರ, ಆಮೇಲೆ ಮಲ್ಲೇಶ್ವರ ಬಡಾವಣೆಗಳು ಬಂದ್ವು. ಇದರಲ್ಲಿ ಯಾರೂ ಕೆರೆ ಮುಟ್ಟಲಿಲ್ಲ ನೋಡಿ. ಅಂಗಳದಲ್ಲಿ ಒಂದು ಬುಟ್ಟಿ ಮಣ್ಣೂ ಹಾಕಲಿಲ್ಲ. ಆದ್ರೆ ಹಳಿಗೆ ಎತ್ತರದ ದಂಡೆ ಬೇಕು, ರಸ್ತೆಗೆ ಚರಂಡಿ ಬೇಕು. ಒಂದೊಂದು ದಂಡೆಯೂ ಒಂದೊಂದು ಚರಂಡಿಯೂ ಮಳೆನೀರಿನ ದಾರಿಯನ್ನ ಸ್ವಲ್ಪ ಸ್ವಲ್ಪ ತಿರುಗಿಸುತ್ತೆ.

ಹಾಗಂತ ಆಗಿನವರು ನೀರಿನ ಬಗ್ಗೆ ಯೋಚಿಸಿರಲಿಲ್ಲ ಅಂತಲ್ಲ. 1870ರ ದಶಕದ ಭಾರೀ ಬರದಲ್ಲಿ ಮೈಸೂರು ಸಂಸ್ಥಾನ ಲಕ್ಷಗಟ್ಟಲೆ ಜನರನ್ನ ಕಳ್ಕೊಂಡಿತ್ತು. ಆ ಭಯದಲ್ಲೇ 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿ, ಮಿಲ್ಲರ್ಸ್ ಕೆರೆಗೂ ಧರ್ಮಾಂಬುಧಿಗೂ ಸೇರಿಸಿದ್ರು. ನಮ್ಮ ಭಾಷೆಯಲ್ಲಿ ಬ್ಯಾಕಪ್. ಆದ್ರೆ 1890ರ ದಶಕದ ಶುರುವಿನಲ್ಲಿ ಮಳೆ ಕೈಕೊಟ್ಟಾಗ ಬ್ಯಾಕಪ್ ಸಾಲಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ಕೊಳಾಯಿ ಯೋಜನೆ ಆಯ್ತು, 1896ರಲ್ಲಿ ಊರಿಗೆ ನೀರು ಹರೀತು.

ನನ್ನ ಮಟ್ಟಿಗೆ ಧರ್ಮಾಂಬುಧಿ ಸತ್ತಿದ್ದು ಆ ವರ್ಷ. ನೀರು ಆಮೇಲೂ ಇದ್ದಿರಬಹುದು, ಆದ್ರೆ ಅದರ ಕೆಲಸ ಹೋಯ್ತು. ಸಾಫ್ಟ್‌ವೇರಿನಲ್ಲಿ ಹಳೇ ಸರ್ವಿಸ್ ಒಂದನ್ನ ಡಿಪ್ರಿಕೇಟ್ ಮಾಡ್ತೀವಲ್ಲ, ಹಾಗೆ. ಯಾರೂ ಡಿಲೀಟ್ ಮಾಡಲ್ಲ. ಆದ್ರೆ ಅವತ್ತಿಂದ ಅದರ ಬಗ್ ಯಾರಿಗೂ ಅಸೈನ್ ಆಗಲ್ಲ. ಕುಡಿಯೋ ನೀರು ನಲ್ಲಿಯಲ್ಲಿ ಬರುತ್ತೆ ಅಂದ್ಮೇಲೆ ಕೆರೆಗೆ ಹೂಳು ಎತ್ತೋರು ಯಾರು? ಕಾಲುವೆ ಕಟ್ಟಿಕೊಂಡ್ರೆ ಕೇಳೋರು ಯಾರು?

ಹೆಸರಘಟ್ಟವೂ ಬಹಳ ಕಾಲ ಸಾಲಲಿಲ್ಲ. 1933ಕ್ಕೆ ತಿಪ್ಪಗೊಂಡನಹಳ್ಳಿ ಬಂತು, 1974ಕ್ಕೆ ಕಾವೇರಿ. ಈಗ ಸುಮಾರು 100 ಕಿ.ಮೀ. ದೂರದಿಂದ, ಹೆಚ್ಚುಕಮ್ಮಿ ಅರ್ಧ ಕಿ.ಮೀ. ಎತ್ತರಕ್ಕೆ ಪಂಪ್ ಮಾಡಿ ತರ್ತಾರೆ. ನಮ್ಮ ಅಪಾರ್ಟ್‌ಮೆಂಟಿಗೆ ಅದೂ ಬರಲ್ಲ, ಟ್ಯಾಂಕರು. ಇರಲಿ.

ಒಣಗಿದ ಅಂಗಳ ಮೈದಾನ ಆಯ್ತು. ಸಭೆ, ವಸ್ತುಪ್ರದರ್ಶನ ನಡೆದ್ವು. ಸುಭಾಷ್ ನಗರ ಅಂತ ಹೆಸರಾಯ್ತು. ಆಮೇಲೆ ಬಸ್ಸುಗಳು ಬಂದ್ವು. ಸುತ್ತ ಲಾಡ್ಜು, ಹೋಟೆಲು, ಥಿಯೇಟರು ತುಂಬಿಕೊಂಡ್ವು. ಅದರಲ್ಲಿ ಒಂದು ಥಿಯೇಟರಿನ ಹೆಸರು ಮೆಜೆಸ್ಟಿಕ್. ಆ ಥಿಯೇಟರೂ ಈಗಿಲ್ಲ. ಆದ್ರೆ ಇಲ್ಲದ ಟಾಕೀಸಿನ ಹೆಸರು ನಾಲಿಗೆ ಮೇಲೆ ಉಳೀತು, ಇಲ್ಲದ ಕೆರೆಯ ಹೆಸರು ಉಳೀಲಿಲ್ಲ. ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿಟ್ಟ ಮೇಲೂ ಪಕ್ಕದಲ್ಲಿ ಮೆಜೆಸ್ಟಿಕ್ ಅಂತ ಹೇಳದಿದ್ರೆ ಯಾರಿಗೂ ಇಳಿಯೋ ಧೈರ್ಯ ಬರಲ್ಲ.

ಇನ್ನು ಮೆಟ್ರೋ. ಎರಡು ಬಸ್ ನಿಲ್ದಾಣಗಳ ನಡುವಿನ ಆ ದೈತ್ಯ ಗುಂಡಿಯನ್ನ ನನ್ನ ವಯಸ್ಸಿನವರೆಲ್ಲ ತಗಡಿನ ಸಂದಿಯಿಂದ ಇಣುಕಿ ನೋಡಿದ್ದೀವಿ. ಊರಿಂದ ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ ಹೊತ್ಕೊಂಡು ಆ ತಗಡಿನ ಗೋಡೆ ಸುತ್ತಿ ಸಿಟಿ ಬಸ್ಸು ಹಿಡಿದವರಿಗೆ ಗೊತ್ತು. ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ಎರಡೂ ಮಾರ್ಗಗಳ ಸುರಂಗ ಸೇರಿ ಸುಮಾರು 8.8 ಕಿ.ಮೀ.; ಎರಡೂ ಒಂದರ ಮೇಲೊಂದು ದಾಟೋದು ಇಲ್ಲೇ. ನಿಲ್ದಾಣದ ಗುಂಡಿಯನ್ನ ಮೇಲಿಂದ ತೋಡಿದ್ರು, ನಿಲ್ದಾಣಗಳ ನಡುವಿನ ಸುರಂಗವನ್ನ ಯಂತ್ರದಿಂದ ಕೊರೆದ್ರು. ಆ ಯಂತ್ರಗಳ ಹೆಸರು ಹೆಲೆನ್, ಮಾರ್ಗರೀಟಾ, ಗೋದಾವರಿ, ಕಾವೇರಿ, ಕೃಷ್ಣಾ. ಒಣಗಿದ ಕೆರೆಯ ಕೆಳಗೆ ನೆಲ ಕೊರೆಯೋಕೆ ಬಂದವುಗಳಿಗೆ ನದಿಗಳ ಹೆಸರು! ಬೆಂಗಳೂರಿನ ನೆಲ ಕೊರೆಯೋರಿಗೆ ಶತ್ರು. ಒಂದೇ ಸಮ ಬಂಡೆ ಇದ್ರೆ ಕೊರೀಬಹುದು, ಒಂದೇ ಸಮ ಮಣ್ಣಿದ್ರೂ ಕೊರೀಬಹುದು. ಇಲ್ಲಿ ಮಣ್ಣಿನ ನಡುವೆ ಗುಂಡುಕಲ್ಲು, ಮತ್ತೆ ಮಣ್ಣು. ಸಂಪಿಗೆ ರಸ್ತೆ ಕಡೆಯಿಂದ ಮೆಜೆಸ್ಟಿಕ್ಕಿಗೆ ಹೊರಟ ಗೋದಾವರಿ ಮಧ್ಯದಲ್ಲೇ ಕೆಟ್ಟು ತಿಂಗಳುಗಟ್ಟಲೆ ನಿಂತಿತ್ತು. ಕೆರೆಗೆ ನೀರು ಬರ್ತಿದ್ದಿದ್ದೂ ಅದೇ ಕಡೆಯಿಂದ. 2012ರಲ್ಲಿ ಕೋಟೆ ಹತ್ತಿರ ಅಗೆಯುವಾಗ ಟಿಪ್ಪು ಕಾಲದ ಎರಡು ಕಬ್ಬಿಣದ ಫಿರಂಗಿ ಸಿಕ್ಕಿ ದೊಡ್ಡ ಸುದ್ದಿ ಆಗಿತ್ತು. ಕೆರೆಯ ಅಂಗಳದಲ್ಲಿ ಸಿಕ್ಕೋದು ಹೂಳು. ಹೂಳು ಸುದ್ದಿ ಆಗಲ್ಲ.

2016ರ ಏಪ್ರಿಲ್ ಕೊನೆಗೆ ಪರ್ಪಲ್ ಲೈನಿನ ಸುರಂಗ ಶುರುವಾಯ್ತು, ದಕ್ಷಿಣ ಭಾರತದ ಮೊದಲ ಭೂಗತ ಮೆಟ್ರೋ. ಗ್ರೀನ್ ಲೈನು 2017ರ ಜೂನಿನಲ್ಲಿ.

ಅಪ್ಪನ ಮೊದಲ ಪ್ರಶ್ನೆಗೂ ಉತ್ತರ ಇದೆ. ನೀರು ಬರುತ್ತೆ. ಭೂಗತ ನಿಲ್ದಾಣ ಯಾವ ಊರಲ್ಲೇ ಇರಲಿ, ಗೋಡೆ ಎಷ್ಟೇ ದಪ್ಪ ಇರಲಿ, ಒಸರುತ್ತೆ. ಒಸರಿದ್ದನ್ನ ತಗ್ಗಿನಲ್ಲಿರೋ ಸಂಪಿಗೆ ಹರಿಸಿ ಪಂಪಿನಲ್ಲಿ ಮೇಲೆತ್ತಿ ಹೊರಗೆ ಹಾಕ್ತಾರೆ. ಫೋನಲ್ಲಿ ಇದನ್ನ ಹೇಳಿದಾಗ ಅಪ್ಪ, "ಅಂದ್ರೆ ಅಲ್ಲೂ ಒಬ್ಬ ನೀರುಗಂಟಿ ಅವ್ನೆ ಅನ್ನು" ಅಂದ.

ಇಷ್ಟೆಲ್ಲ ಹುಡುಕ್ತಾ ಕೂತಿದ್ದು ಬರೀ ಕುತೂಹಲಕ್ಕಲ್ಲ. ನಮ್ಮೂರಿಗೆ ಬರ್ತೀನಿ. ಆರು ವರ್ಷದ ಹಿಂದೆ ಹಳ್ಳಕ್ಕೆ ಅಡ್ಡವಾಗಿ ಮಣ್ಣು ಏರಿಸಿ ಟಾರು ರಸ್ತೆ ಮಾಡಿದ್ರು. ನೀರು ಹೋಗೋಕೆ ಎರಡು ಸಿಮೆಂಟ್ ಪೈಪು. ಅಪ್ಪನ ವಯಸ್ಸಿನ ಕೆಲವರು ಪೈಪು ಸಾಲಲ್ಲ ಅಂತ ತಕರಾರು ತೆಗೆದಾಗ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಉದ್ದುದ್ದ ಬರೆದವನು ನಾನು. ಅಭಿವೃದ್ಧಿ ಬೇಡ್ವಾ, ಆಂಬುಲೆನ್ಸ್ ಬರೋದು ಬೇಡ್ವಾ ಅಂತ. ಇಂಜಿನಿಯರ್ ಹೇಳ್ತಿದ್ದಾನೆ ಅಂತ ಎಲ್ಲ ಸುಮ್ಮನಾದ್ರು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ಪೈಪಿನ ಬಗ್ಗೆ ನಂಗೇನು ಗೊತ್ತಿತ್ತು? ಸುತ್ತಲ ಕೆರೆಗಳೆಲ್ಲ ಕೋಡಿ ಬಿದ್ದ ವರ್ಷವೂ ನಮ್ಮ ಕೆರೆ ಅರ್ಧ ತುಂಬಲಿಲ್ಲ. ಅಂಗಳದಲ್ಲಿ ಜಾಲಿ ಬೆಳೀತು. ಊರಿಗೆ ಈಗ ನಲ್ಲಿ ನೀರಿದೆ, ಆದ್ದರಿಂದ ಯಾರಿಗೂ ಅಷ್ಟೇನು ಬೇಜಾರಾಗಿಲ್ಲ, ಅಚ್ಚುಕಟ್ಟಿನ ಎಂಟು ಹತ್ತು ಮನೆ ಬಿಟ್ಟು. ಆ ಎಂಟು ಹತ್ತರಲ್ಲಿ ನಮ್ಮದೂ ಒಂದು. ಅಪ್ಪ ಭತ್ತ ಬಿಟ್ಟು ಮೂರು ವರ್ಷ ಆಯ್ತು. ನನ್ನ ಮೆಸೇಜಿನ ಬಗ್ಗೆ ಒಂದು ದಿನವೂ ಎತ್ತಿ ಆಡಿಲ್ಲ.

ಈಗ ಹೊಸ ಮಾತು ಶುರುವಾಗಿದೆ. ಹೆಂಗೂ ನೀರಿಲ್ಲ, ಅಂಗಳದ ಒಂದು ಭಾಗದಲ್ಲಿ ಬಸ್ ನಿಲ್ದಾಣ, ಸಂತೆ ಮೈದಾನ ಮಾಡಿಸಿಕೊಳ್ಳೋಣ ಅಂತ. ನನ್ನ ಜೊತೆ ಓದಿದವನೊಬ್ಬ ಇದರ ಮುಂದಾಳು. ಅರ್ಜಿಯನ್ನ ನೀಟಾಗಿ ಟೈಪ್ ಮಾಡಿಕೊಡು ಅಂತ ನಂಗೇ ಹೇಳಿದ್ದ. ಅಪ್ಪನನ್ನ ಕರ್ಕೊಂಡು ಮೆಜೆಸ್ಟಿಕ್ ಮೆಟ್ಟಿಲು ಹತ್ತಿದ ದಿನ ಆ ಫೈಲು ನನ್ನ ಲ್ಯಾಪ್‌ಟಾಪಿನಲ್ಲಿ ಮುಕ್ಕಾಲು ಭಾಗ ಮುಗಿದಿತ್ತು.

ಹೋದ ಭಾನುವಾರ ಅಪ್ಪನಿಗೆ ಫೋನ್ ಮಾಡಿ ಪೈಪಿನ ಅಳತೆ ತಗೋ ಅಂದೆ. ಯಾಕೆ ಅಂತ ಕೇಳಲಿಲ್ಲ. ಅರ್ಧ ಗಂಟೆ ಬಿಟ್ಟು ಅವನೇ ಮಾಡಿದ. "ಪೈಪು ಒಂದೊಂದೂ ಒಂದೂವರೆ ಮೊಳ. ಒಂದ್ರೊಳಗೆ ಮಣ್ಣು ತುಂಬ್ಕೊಂಡದೆ. ಹಳ್ಳ ಐದು ಮಾರು."

ಅರ್ಜಿ ತೆಗೆದು ವಿಷಯದ ಸಾಲಿನಲ್ಲಿದ್ದ ಬಸ್ ನಿಲ್ದಾಣ ಅಳಿಸಿ, ಹಳ್ಳಕ್ಕೆ ಸೇತುವೆ ಅಂತ ಹಾಕಿದೀನಿ. ಕೆಳಗೆ ಅಪ್ಪನ ಅಳತೆಯನ್ನ ಅಡಿಗೆ ಬದಲಾಯಿಸಿ ಬರೆದಿದ್ದೀನಿ. ಅದನ್ನ ಗ್ರೂಪಿಗೆ ಹಾಕಿದಾಗಿಂದ ಗೆಳೆಯ ಫೋನು ಎತ್ತುತ್ತಿಲ್ಲ. ಗುರುವಾರ ಗ್ರಾಮಸಭೆ ಇದೆ, ರಜೆ ಹಾಕಿದ್ದೀನಿ. ಬೆಳಗ್ಗೆ ಐದೂವರೆಗೆ ಮೆಜೆಸ್ಟಿಕ್ಕಿನಿಂದ ಬಸ್ಸು.