ದಿನಾ ಕ್ಯಾಶ್ ಅಳಿಸಿದರೆ ಬ್ರೌಸರ್ ವೇಗವಾಗುತ್ತದೆಯೇ?

"ಇಂಟರ್‌ನೆಟ್ ನಿಧಾನವೇ? ಮಲಗುವ ಮುಂಚೆ ಬ್ರೌಸರಿನ ಕ್ಯಾಶ್, ಕುಕೀ, ಹಿಸ್ಟರಿ ಎಲ್ಲ ಅಳಿಸಿ. ಬೆಳಿಗ್ಗೆ ಸ್ಪೀಡ್ ಡಬಲ್! ಹತ್ತು ಜನಕ್ಕೆ ಕಳಿಸಿ." ಇಂಥದ್ದೊಂದು ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ನಮಗೆ ಇದನ್ನು ಕಳಿಸಿದವರು ಬಸವನಗುಡಿಯ ಓದುಗರೊಬ್ಬರು, ನಿವೃತ್ತ ಮೇಷ್ಟ್ರು. ಹದಿನೈದು ದಿನ ಶ್ರದ್ಧೆಯಿಂದ ಪಾಲಿಸಿದರಂತೆ. ಫೋನು ಇನ್ನಷ್ಟು ನಿಧಾನವಾಯಿತೇ ಹೊರತು ವೇಗವಾಗಲಿಲ್ಲ. ಮಗಳ ಊರಿಗೆ ತತ್ಕಾಲ್ ಟಿಕೆಟ್ ಮಾಡಲು ಕೂತ ದಿನ ನೋಡಿದರೆ ಲಾಗಿನ್ ಹೋಗಿದೆ, ಪಾಸ್‌ವರ್ಡ್ ನೆನಪಿಲ್ಲ; ಒಟಿಪಿ ಬಂದು ಒಳಗೆ ಹೋಗುವಷ್ಟರಲ್ಲಿ ಸೀಟು ಖಾಲಿ. "ನಾನೇನಾದರೂ ತಪ್ಪು ಮಾಡಿದೆನಾ?" ಎಂದು ಕೇಳಿದ್ದಾರೆ. ಮಾಡಬೇಕಾದದ್ದನ್ನು ಅವರು ಸರಿಯಾಗಿಯೇ ಮಾಡಿದ್ದಾರೆ. ತಪ್ಪು ಇರುವುದು ಸಂದೇಶದಲ್ಲಿ.

ಕ್ಯಾಶ್ ಎಂದರೆ ಇಲ್ಲಿ ದುಡ್ಡಲ್ಲ, ದಾಸ್ತಾನು. ನಿಮ್ಮ ಮನೆ ಗಾಂಧಿ ಬಜಾರಿನ ಪಕ್ಕದ ರಸ್ತೆಯಲ್ಲೇ ಇದೆ ಎಂದುಕೊಳ್ಳಿ. ಹಾಗಿದ್ದರೂ ಒಗ್ಗರಣೆಗೆ ಸಾಸಿವೆ ಬೇಕಾದಾಗಲೆಲ್ಲ ಯಾರೂ ಅಂಗಡಿಗೆ ಓಡುವುದಿಲ್ಲ. ಒಗ್ಗರಣೆ ಡಬ್ಬಿ ಒಲೆಯ ಪಕ್ಕದಲ್ಲೇ ಇರುತ್ತದೆ. ಬ್ರೌಸರ್ ಮಾಡುವುದೂ ಇದನ್ನೇ. ನೀವು ದಿನಾ ನೋಡುವ ಪತ್ರಿಕೆಯ ತಾಣದ ಲೋಗೋ, ಅಕ್ಷರವಿನ್ಯಾಸ, ಮೆನು ಕೆಲಸ ಮಾಡಲು ಬೇಕಾದ ಪ್ರೋಗ್ರಾಮ್ ತುಣುಕುಗಳು ದಿನದಿಂದ ದಿನಕ್ಕೆ ಬದಲಾಗುವುದಿಲ್ಲ. ಒಮ್ಮೆ ತಂದದ್ದನ್ನು ಫೋನಿನಲ್ಲೇ ಇಟ್ಟುಕೊಂಡು, ಮುಂದಿನ ಬಾರಿ ಹೊಸ ಸುದ್ದಿಯನ್ನಷ್ಟೇ ತರುತ್ತದೆ. ಇಟ್ಟದ್ದು ಹಳೆಯದಾಯಿತೇನೋ ಎಂಬ ಅನುಮಾನ ಬಂದರೆ "ಇದು ಬದಲಾಗಿದೆಯೇ?" ಎಂದು ಸರ್ವರನ್ನು ಕೇಳುತ್ತದೆ. ಬದಲಾಗಿಲ್ಲದಿದ್ದರೆ ಅತ್ತಲಿಂದ 304 ಎಂಬ ಪುಟ್ಟ ಉತ್ತರ ಬರುತ್ತದೆ, ಅಷ್ಟೇ. ಇಡೀ ಕಡತ ಮತ್ತೆ ಬರುವುದಿಲ್ಲ.

ಇದನ್ನು ದಿನಾ ರಾತ್ರಿ ಅಳಿಸುವುದೆಂದರೆ ಒಗ್ಗರಣೆ ಡಬ್ಬಿಯನ್ನು ಕಸಕ್ಕೆ ಸುರಿದು ಬೆಳಿಗ್ಗೆ ಚೀಲ ಹಿಡಿದು ಹೊರಟಂತೆ. ಕೆಲಸವೂ ನಿಧಾನ, ಡೇಟಾವೂ ದಂಡ. ತಮಾಷೆಯೆಂದರೆ ಕ್ರೋಮ್ ಇದನ್ನು ಮುಚ್ಚಿಟ್ಟಿಲ್ಲ. ಕ್ಯಾಶ್ ಅಳಿಸುವ ಪರದೆಯಲ್ಲೇ, ಮುಂದಿನ ಸಲ ಕೆಲವು ತಾಣಗಳು ನಿಧಾನವಾಗಿ ತೆರೆದುಕೊಳ್ಳಬಹುದು ಎಂಬ ಅರ್ಥದ ಸಾಲೊಂದಿದೆ. ಗುಂಡಿ ಒತ್ತುವ ಅವಸರದಲ್ಲಿ ಅದನ್ನು ಓದುವವರು ಕಡಿಮೆ. "ಕ್ಯಾಶ್ ತುಂಬಿ ತುಳುಕಿ ಬ್ರೌಸರ್ ಕಟ್ಟಿಕೊಳ್ಳುತ್ತದೆ" ಎಂಬ ಭಯಕ್ಕೂ ಕಾರಣವಿಲ್ಲ. ಅದಕ್ಕೊಂದು ಮಿತಿಯಿದೆ, ಮಿತಿ ಮುಟ್ಟಿದಾಗ ಬಹಳ ದಿನ ಬಳಸದ್ದನ್ನು ಬ್ರೌಸರೇ ತೆಗೆದುಹಾಕುತ್ತದೆ.

ಕುಕೀ ಬೇರೆ. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದಂತೆ ಅದು. ನೀವು ಯಾರೆಂದು ತಾಣ ಗುರುತಿಸುವುದು ಅದರಿಂದ. ಮೇಷ್ಟ್ರು ಪ್ರತಿ ರಾತ್ರಿ ಎಸೆಯುತ್ತಿದ್ದದ್ದು ಈ ಟೋಕನ್ನನ್ನು. ಹಾಗಾದರೆ ಅಳಿಸಲೇಬಾರದೇ? ಒಂದು ತಾಣ ಹಳೆಯ ಪುಟವನ್ನೇ ತೋರಿಸುತ್ತಿದ್ದರೆ ಅಥವಾ ಅರ್ಧಂಬರ್ಧ ತೆರೆದುಕೊಳ್ಳುತ್ತಿದ್ದರೆ ಅಳಿಸಬಹುದು, ಅದೂ ಆ ತಾಣದ್ದನ್ನು ಮಾತ್ರ. ವಿಳಾಸಪಟ್ಟಿಯ ಎಡತುದಿಯ ಗುರುತನ್ನು ಒತ್ತಿದರೆ ಆ ಒಂದು ತಾಣದ ಡೇಟಾ ಅಳಿಸುವ ಆಯ್ಕೆ ಸಿಗುತ್ತದೆ. ಬೇರೆಯವರ ಕಂಪ್ಯೂಟರ್ ಬಳಸಿ ಏಳುವಾಗಲಂತೂ ಎಲ್ಲವನ್ನೂ ಅಳಿಸಿಯೇ ಏಳಿ. ಅದು ವೇಗಕ್ಕಲ್ಲ, ಗುಟ್ಟಿಗೆ.

ಕನ್ನಡ ಪುಟಗಳು ಭಾರವೇ?

ಇದೇ ಸಂದೇಶದ ಇನ್ನೊಂದು ರೂಪದಲ್ಲಿ "ಕನ್ನಡದ ಪುಟ ಬಿಟ್ಟು ಇಂಗ್ಲಿಷ್ ಪುಟ ನೋಡಿ, ಬೇಗ ತೆರೆಯುತ್ತದೆ" ಎಂಬ ಸಲಹೆಯೂ ಸೇರಿಕೊಂಡಿದೆ. ಇದರಲ್ಲಿ ಚೂರು ಸತ್ಯವಿದೆ. ಅಂತರಜಾಲದಲ್ಲಿ ಹೆಚ್ಚಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಗುಣಿತ ಚಿಹ್ನೆಗೂ 3 ಬೈಟ್ ಬೇಕು. "ಬಸವನಗುಡಿ" ಎಂದು ಕನ್ನಡದಲ್ಲಿ ಬರೆದರೆ 24 ಬೈಟ್, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 12. ಆದರೆ ಸಾವಿರ ಪದಗಳ ಒಂದು ಕನ್ನಡ ಲೇಖನ ಹೆಚ್ಚುಕಡಿಮೆ 25 ಕೆಬಿ, ಕುಗ್ಗಿಸಿ ಕಳಿಸಿದರೆ ಇನ್ನೂ ಕಡಿಮೆ. ನಿಮ್ಮ ಫೋನಿನಲ್ಲಿ ತೆಗೆದ ಒಂದೇ ಒಂದು 3 ಎಂಬಿ ಫೋಟೋದ ಜಾಗದಲ್ಲಿ ಅಂಥ ನೂರಕ್ಕೂ ಹೆಚ್ಚು ಲೇಖನ ಹಿಡಿಸುತ್ತವೆ. ಪುಟವನ್ನು ಭಾರ ಮಾಡುವುದು ಜಾಹೀರಾತು, ತಾನಾಗಿ ಓಡುವ ವಿಡಿಯೋ ಮತ್ತು ನಿಮ್ಮನ್ನು ಹಿಂಬಾಲಿಸುವ ಟ್ರ್ಯಾಕರ್‌ಗಳು. ಭಾಷೆಯನ್ನು ದೂರುವುದು ಅನ್ಯಾಯ.

ಕನ್ನಡ ಪುಟ ನೋಡುವುದು ನಿಜಕ್ಕೂ ಕಷ್ಟವಿದ್ದ ಕಾಲವೊಂದಿತ್ತು. ಯೂನಿಕೋಡ್ ಬಳಕೆ ವ್ಯಾಪಕವಾಗುವ ಮುನ್ನ ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಚಾಮರಾಜಪೇಟೆಯ ಕನ್ನಡ ಗಣಕ ಪರಿಷತ್ತಿನ "ನುಡಿ" ಒಂದು ಕಡೆ, "ಬರಹ" ಇನ್ನೊಂದು ಕಡೆ, ಪತ್ರಿಕೆಗಳದ್ದೇ ಫಾಂಟುಗಳು ಮತ್ತೊಂದು ಕಡೆ. ಫಾಂಟ್ ಇಳಿಸಿಕೊಳ್ಳದಿದ್ದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಆಮೇಲೆ ಬಂದ ಆರಂಭದ ಮೊಬೈಲುಗಳಲ್ಲಿ ಕನ್ನಡದ ಜಾಗದಲ್ಲಿ ಚೌಕಗಳು ಕಾಣುತ್ತಿದ್ದವು. ಆಗ ಒಪೆರಾ ಮಿನಿ ಬ್ರೌಸರಿನ ಗುಪ್ತ ಸೆಟ್ಟಿಂಗ್ ಪುಟಕ್ಕೆ ಹೋಗಿ ಒಂದು ಆಯ್ಕೆ ಬದಲಿಸಿದರೆ ಅಕ್ಷರಗಳು ಚಿತ್ರವಾಗಿ ಬಂದು ಕನ್ನಡ ಕಾಣುತ್ತಿತ್ತು. ಎಸ್ಸೆಮ್ಮೆಸ್ಸಿನಲ್ಲೂ ಬಾಯಿಮಾತಿನಲ್ಲೂ ಹರಡಿದ ಆ ಉಪಾಯ ಅಪ್ಪಟ ನಿಜ. ಹಂಚಿಕೆಯಾಗುವುದೆಲ್ಲ ಸುಳ್ಳೆಂದು ನಾವು ಹೇಳುತ್ತಿಲ್ಲ.

ನಡುವೆ ನಿಂತವರು ಯಾರು?

ಒಪೆರಾ ಮಿನಿ 2ಜಿ ಕಾಲದಲ್ಲೂ ವೇಗವಾಗಿದ್ದದ್ದಕ್ಕೆ ಕಾರಣ ಸರಳ. ಪುಟ ನೇರವಾಗಿ ನಿಮ್ಮ ಫೋನಿಗೆ ಬರುತ್ತಿರಲಿಲ್ಲ. ಕಂಪನಿಯ ಸರ್ವರ್ ಅದನ್ನು ಬಿಚ್ಚಿ, ಹಿಂಡಿ, ಪುಟ್ಟ ಗಂಟು ಕಟ್ಟಿ ಕಳಿಸುತ್ತಿತ್ತು. ಉಪಕಾರವೇ ಸರಿ. ಆದರೆ ಗಂಟು ಕಟ್ಟುವವರಿಗೆ ಒಳಗೇನಿದೆ ಎಂಬುದು ಕಾಣಲೇಬೇಕಲ್ಲ. ವೇಗ ಹೆಚ್ಚಿಸುತ್ತೇವೆ ಎಂದು ನಡುವೆ ಬಂದು ನಿಲ್ಲುವ ಪ್ರತಿಯೊಂದು ಆ್ಯಪ್ ಬಗ್ಗೆಯೂ ಈ ಪ್ರಶ್ನೆ ಕೇಳಿಕೊಳ್ಳಬೇಕು: ಇವರನ್ನು ನಂಬಬಹುದೇ? ಡೇಟಾ ಉಳಿಸುವ ಬ್ರೌಸರ್ ಎಂದು ನಮ್ಮಲ್ಲಿ ಬಹಳ ಜನಪ್ರಿಯವಾಗಿದ್ದ ಯುಸಿ ಬ್ರೌಸರ್‌ನಿಂದ ಬಳಕೆದಾರರ ಹುಡುಕಾಟದ ಪದಗಳಂಥ ಮಾಹಿತಿ ಸರಿಯಾದ ರಕ್ಷಣೆಯಿಲ್ಲದೆ ಸೋರುತ್ತಿದೆ ಎಂದು ಟೊರೊಂಟೊದ ಸಿಟಿಜನ್ ಲ್ಯಾಬ್ 2015ರಲ್ಲೇ ವರದಿ ಮಾಡಿತ್ತು. 2020ರ ಜೂನ್ 29ರಂದು ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು.

ಕಂಪ್ಯೂಟರಿನಲ್ಲಿ ಈ ಅಪಾಯ ಎಕ್ಸ್‌ಟೆನ್ಷನ್ ರೂಪದಲ್ಲಿ ಬರುತ್ತದೆ. "ದಿ ಗ್ರೇಟ್ ಸಸ್ಪೆಂಡರ್" ಎಂಬುದು ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಮೆಮೊರಿ ಉಳಿಸುತ್ತಿದ್ದ ಒಳ್ಳೆಯ ಎಕ್ಸ್‌ಟೆನ್ಷನ್. ಬಳಕೆದಾರರು 20 ಲಕ್ಷಕ್ಕೂ ಹೆಚ್ಚು. ಅದನ್ನು ರೂಪಿಸಿದವರು 2020ರಲ್ಲಿ ಅಪರಿಚಿತರಿಗೆ ಮಾರಿದರು. 2021ರ ಫೆಬ್ರವರಿಯಲ್ಲಿ, ಅದರಲ್ಲಿ ಕುತಂತ್ರಾಂಶವಿದೆ ಎಂದು ಗೂಗಲ್ ಅದನ್ನು ಕಿತ್ತುಹಾಕಿತು. ಬಳಸುತ್ತಿದ್ದವರು ಮಾಡಿದ ತಪ್ಪೇನೂ ಇರಲಿಲ್ಲ; ಬಾಡಿಗೆದಾರರಿಗೆ ಗೊತ್ತಿಲ್ಲದಂತೆ ಮನೆಯ ಮಾಲೀಕರು ಬದಲಾದಂತಾಯಿತು. ಆ ಕೆಲಸ ಮಾಡುವ ಮೆಮೊರಿ ಸೇವರ್ ಸೌಲಭ್ಯ 2022ರ ಡಿಸೆಂಬರಿನಿಂದ ಕ್ರೋಮ್‌ನಲ್ಲೇ ಇದೆ, ಹೊರಗಿನದ್ದರ ಅಗತ್ಯವಿಲ್ಲ.

ಇನ್ನೂ ಕೆಟ್ಟದ್ದು "ನಿಮ್ಮ ಬ್ರೌಸರ್ ಹಳೆಯದಾಗಿದೆ, ವೇಗಕ್ಕಾಗಿ ಇಲ್ಲಿ ಒತ್ತಿ ಅಪ್‌ಡೇಟ್ ಮಾಡಿ" ಎಂಬ ಪುಟ. 2024ರ ಏಪ್ರಿಲ್‌ನಲ್ಲಿ ಬೆಳಕಿಗೆ ಬಂದ ಬ್ರೋಕ್‌ವೆಲ್ ಎಂಬ ಬ್ಯಾಂಕ್ ಕಳ್ಳ ತಂತ್ರಾಂಶ ಕ್ರೋಮ್ ಅಪ್‌ಡೇಟಿನ ವೇಷದಲ್ಲೇ ಫೋನಿನೊಳಗೆ ನುಗ್ಗುತ್ತಿತ್ತು. ಬ್ರೌಸರ್ ಅಪ್‌ಡೇಟ್ ಮಾಡುವುದು ಒಳ್ಳೆಯದು, ವೇಗಕ್ಕೂ ಸುರಕ್ಷತೆಗೂ. ಆದರೆ ಪ್ಲೇ ಸ್ಟೋರಿಗೆ ನೀವೇ ಹೋಗಿ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಎಪಿಕೆ ಕಡತವನ್ನು, ಕಳಿಸಿದವರು ಸ್ವಂತ ಭಾವಮೈದುನನೇ ಆದರೂ, ಮುಟ್ಟಬೇಡಿ. ಮುಟ್ಟಿ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಉಳಿದ ಸಲಹೆಗಳ ಬಗ್ಗೆ ಒಂದೆರಡು ಮಾತು ಸಾಕು. "ಲೈಟ್ ಮೋಡ್ ಆನ್ ಮಾಡಿ" ಎಂಬುದು ಹಳಸಿದ ಸಲಹೆ, ಕ್ರೋಮ್ ಅದನ್ನು 2022ರ ಮಾರ್ಚಿನಲ್ಲೇ ನಿಲ್ಲಿಸಿದೆ. ಡಿಎನ್‌ಎಸ್ ಅನ್ನು 1.1.1.1ಕ್ಕೆ ಬದಲಿಸಿದರೆ ತಾಣದ ವಿಳಾಸ ಹುಡುಕುವ ಕೆಲಸ ತುಸು ಚುರುಕಾಗಬಹುದು, ವಿಡಿಯೋ ಬೇಗ ಇಳಿಯುವುದಿಲ್ಲ. ಇನ್‌ಕಾಗ್ನಿಟೊ ಖಾಲಿ ಡಬ್ಬಿಯಿಂದ ಶುರುವಾಗುವುದರಿಂದ ವೇಗ ಹೆಚ್ಚುವುದಿಲ್ಲ. ಆದರೆ ಕಂಪ್ಯೂಟರಿನಲ್ಲಿ ಅದೊಂದು ಒಳ್ಳೆಯ ಪರೀಕ್ಷೆ. ಅಲ್ಲಿ ಎಕ್ಸ್‌ಟೆನ್ಷನ್‌ಗಳು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಅಲ್ಲಿ ಮಾತ್ರ ಪುಟಗಳು ಸರಾಗವಾಗಿ ತೆರೆದರೆ ನಿಮ್ಮ ಎಕ್ಸ್‌ಟೆನ್ಷನ್‌ಗಳಲ್ಲೊಂದು ತೊಂದರೆ ಕೊಡುತ್ತಿದೆ ಎಂದು ಊಹಿಸಬಹುದು. ಫೋನಿನಲ್ಲಿ ಬ್ರೌಸರನ್ನು ಪದೇ ಪದೇ ಮೇಲಕ್ಕೆ ತಳ್ಳಿ ಮುಚ್ಚುವುದರಿಂದಲೂ ಲಾಭವಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡಲು ಹೆಚ್ಚು ಹೊತ್ತು ಬೇಕು. ಟ್ಯಾಬ್‌ಗಳು ನೂರು ಮುಟ್ಟಿದಾಗ ಕ್ರೋಮ್ ಎಣಿಕೆ ಬಿಟ್ಟು ನಗುವ ಮುಖದ ಗುರುತು ತೋರಿಸುತ್ತದೆ. ಅದನ್ನು ಕಂಡವರು ಒಮ್ಮೆ ಕೂತು ಗುಡಿಸುವುದು ಒಳ್ಳೆಯದು.

ಕೆಲವೊಮ್ಮೆ ಬ್ರೌಸರ್ ನಿರಪರಾಧಿ. ಕಾರ್ತಿಕ ಮಾಸದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆಯ ಜನಸಾಗರದಲ್ಲಿ, ಬುಲ್ ಟೆಂಪಲ್ ರಸ್ತೆಯಲ್ಲಿ ನಿಂತು ಪುಟ ತೆರೆಯದಿದ್ದರೆ, ಒಂದೇ ಟವರನ್ನು ಸಾವಿರಾರು ಫೋನುಗಳು ಹಂಚಿಕೊಳ್ಳುತ್ತಿವೆ ಎಂದರ್ಥ. ಮಲ್ಲೇಶ್ವರ, ಚಾಮರಾಜಪೇಟೆಯ ಹಳೆ ಮನೆಗಳಲ್ಲಿ ದಪ್ಪ ಗೋಡೆಯದ್ದೇ ಸಮಸ್ಯೆ. ವೈಫೈನ 5 ಗಿಗಾಹರ್ಟ್ಸ್ ಸಂಕೇತ ವೇಗದ್ದಾದರೂ ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. ಹಜಾರದ ಮೂಲೆಯಲ್ಲಿ, ಟಿವಿಯ ಹಿಂದೆ ಅಡಗಿಸಿಟ್ಟ ರೂಟರನ್ನು ಮನೆಯ ನಡುವೆ ಎತ್ತರದಲ್ಲಿಟ್ಟು ನೋಡಿ. ಒಳಕೋಣೆಗೆ 2.4 ಗಿಗಾಹರ್ಟ್ಸ್ ಸಂಪರ್ಕವೇ ವಾಸಿ.

ಇನ್ನು ನಮ್ಮ ಮೇಷ್ಟ್ರ ಫೋನು. ಸ್ಟೋರೇಜ್ ಪುಟ ತೆರೆದು ಕಳಿಸಿ ಎಂದೆವು. ಚಿತ್ರದಲ್ಲಿ ಕಂಡಂತೆ ಜಾಗ ಪೂರ್ತಿ ತುಂಬಿತ್ತು. ಹಾಗಾದಾಗ ಫೋನು ಏನನ್ನು ಬರೆದುಕೊಳ್ಳಲೂ ತಿಣುಕುತ್ತದೆ, ಆ್ಯಪ್‌ಗಳು ಅಪ್‌ಡೇಟ್ ಆಗುವುದಿಲ್ಲ, ಬ್ರೌಸರಿಗೆ ಡಬ್ಬಿ ಇಡಲೂ ಜಾಗವಿಲ್ಲ. ತುಂಬಿದ್ದದ್ದು ಏನೆಂದು ನೋಡಿದರೆ ವಾಟ್ಸ್ಆ್ಯಪ್: ಶುಭೋದಯದ ಹೂವು, ಹಬ್ಬದ ಶುಭಾಶಯ, ಮನೆಮದ್ದಿನ ವಿಡಿಯೋ. ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗಕ್ಕೆ ಹೋಗಿ ದೊಡ್ಡ ಕಡತಗಳನ್ನು ಮೊದಲು ಅಳಿಸಿ, ಹತ್ತರಲ್ಲೊಂದು ಪಾಲು ಜಾಗ ಖಾಲಿ ಬಿಡಿ, ಚಿತ್ರ-ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿ ಎಂದು ಹೇಳಿದೆವು. ಎರಡು ದಿನ ಬಿಟ್ಟು ಉತ್ತರ ಬಂತು. ಫೋನು ಚುರುಕಾಗಿದೆಯಂತೆ, ಕ್ಯಾಶ್ ಮುಟ್ಟಿಲ್ಲವಂತೆ. ಮೊಮ್ಮಗುವಿನ ವಿಡಿಯೋಗಳನ್ನು ಮಾತ್ರ ಅಳಿಸಲು ಮನಸ್ಸು ಬರದೆ ಪೆನ್‌ಡ್ರೈವಿಗೆ ಹಾಕಿಸಿಕೊಂಡಿದ್ದಾರೆ.