ಮಾಹಿತಿ ಹಕ್ಕು ಕಾಯ್ದೆ: ವ್ಯಾಪ್ತಿ ಮತ್ತು ಮಿತಿಗಳ ಇತಿಹಾಸ

ಮಾಹಿತಿ ಹಕ್ಕು ಅಧಿನಿಯಮ, 2005: ಸರ್ಕಾರದ ಕೈಯಲ್ಲಿರುವ ದಾಖಲೆಗಳನ್ನು ನೋಡುವ, ಅವುಗಳ ಪ್ರತಿ ಪಡೆಯುವ ಹಕ್ಕನ್ನು ಭಾರತದ ಪ್ರತಿ ನಾಗರಿಕರಿಗೂ ಕೊಟ್ಟ ಕೇಂದ್ರ ಕಾನೂನು. ಸಂಸತ್ತು ಇದನ್ನು 2005ರ ಮೇ ತಿಂಗಳಲ್ಲಿ ಅಂಗೀಕರಿಸಿತು. ಜೂನ್ 15ರಂದು ರಾಷ್ಟ್ರಪತಿಗಳ ಅಂಕಿತ ದೊರೆತು, ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂತು. ಏನನ್ನು ಕೇಳಬಹುದು, ಏನನ್ನು ಕೊಡದೆ ಇರಬಹುದು ಎಂಬುದು ಕಾಯ್ದೆಯಲ್ಲಿಯೇ ಇದೆ. ಆದರೆ ಆ ಗಡಿ ಬರೆದಲ್ಲೇ ನಿಂತಿಲ್ಲ. ನ್ಯಾಯಾಲಯಗಳು, ಸಂಸತ್ತು ಮತ್ತು ಕಚೇರಿಗಳ ದಿನನಿತ್ಯದ ರೂಢಿ ಅದನ್ನು ಕೆಲವೊಮ್ಮೆ ಹಿಗ್ಗಿಸಿವೆ, ಹಲವು ಬಾರಿ ಕುಗ್ಗಿಸಿವೆ.

ಹಿನ್ನೆಲೆ

ಆಡಳಿತದ ಕಾಗದಪತ್ರಗಳನ್ನು ಪ್ರಜೆಗಳಿಗೆ ತೆರೆದ ಮೊದಲ ಕಾನೂನು ಸ್ವೀಡನ್‌ನದು, 1766ರಷ್ಟು ಹಳೆಯದು. ಅಮೆರಿಕದ ಕಾಯ್ದೆ ಬಂದದ್ದು 1966ರಲ್ಲಿ. ಭಾರತದಲ್ಲಿ ಬಹುಕಾಲ ನಡೆದದ್ದು ಬ್ರಿಟಿಷರು 1923ರಲ್ಲಿ ಮಾಡಿಟ್ಟುಹೋದ ಅಧಿಕೃತ ರಹಸ್ಯಗಳ ಕಾಯ್ದೆ. ಮುಚ್ಚಿಡುವುದೇ ನಿಯಮ, ತೋರಿಸುವುದು ಅಧಿಕಾರಿಯ ಔದಾರ್ಯ ಎಂಬಂತಿದ್ದ ಆ ವ್ಯವಸ್ಥೆಗೆ ಮೊದಲ ಪೆಟ್ಟು ಬಿದ್ದದ್ದು ಒಂದು ಚುನಾವಣಾ ತಕರಾರಿನಿಂದ. ಇಂದಿರಾ ಗಾಂಧಿಯವರ ಆಯ್ಕೆಯನ್ನು ಪ್ರಶ್ನಿಸಿದ್ದ ರಾಜ್ ನಾರಾಯಣ್, ಪ್ರಧಾನಿಯ ಪ್ರವಾಸದ ಭದ್ರತೆಗೆ ಸಂಬಂಧಿಸಿದ ‘ನೀಲಿ ಪುಸ್ತಕ’ವನ್ನು ನ್ಯಾಯಾಲಯಕ್ಕೆ ತರಿಸಬೇಕೆಂದು ಕೇಳಿದರು. ಸರ್ಕಾರ ಕೊಡಲೊಪ್ಪಲಿಲ್ಲ. 1975ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ, ಜನರ ಪರವಾಗಿ ಕೆಲಸ ಮಾಡುವವರು ಏನು ಮಾಡುತ್ತಿದ್ದಾರೆಂದು ತಿಳಿಯುವ ಹಕ್ಕು ಜನರಿಗಿದೆ ಎಂದರು. ಈ ಹಕ್ಕಿನ ಬೇರು ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯದಲ್ಲಿದೆ ಎಂಬ ಮಾತು ಮುಂದಿನ ತೀರ್ಪುಗಳಲ್ಲಿ ಗಟ್ಟಿಯಾಯಿತು.

ಆದರೆ ಕಾನೂನನ್ನು ಬೀದಿಯಿಂದ ಎತ್ತಿಕೊಂಡು ಬಂದವರು ರಾಜಸ್ಥಾನದ ಕೂಲಿಕಾರರು. ಬರಪರಿಹಾರದ ಕಾಮಗಾರಿಗಳಲ್ಲಿ ಮಣ್ಣು ಹೊತ್ತವರಿಗೆ ಕನಿಷ್ಠ ಕೂಲಿಯೂ ಸಿಗುತ್ತಿರಲಿಲ್ಲ. ಕೇಳಿದರೆ, ಅಳತೆ ಪುಸ್ತಕದಲ್ಲಿ ನಿಮ್ಮ ಕೆಲಸ ಇಷ್ಟೇ ಇದೆ ಎನ್ನುವ ಉತ್ತರ. ಪುಸ್ತಕ ತೋರಿಸಿ ಎಂದರೆ ಅದು ಸರ್ಕಾರಿ ದಾಖಲೆ. ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮುಂತಾದವರು 1990ರಲ್ಲಿ ಕಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ, 1994ರಿಂದ ಹಳ್ಳಿಗಳಲ್ಲಿ ಬಹಿರಂಗ ವಿಚಾರಣೆಗಳನ್ನು ನಡೆಸಿ, ಕೈಗೆ ಸಿಕ್ಕ ಹಾಜರಿ ಪಟ್ಟಿಗಳನ್ನು ಊರವರೆದುರೇ ಓದಿತು. ಸತ್ತವರ ಹೆಸರಿನಲ್ಲಿ ಕೂಲಿ ಸಂದಾಯವಾದದ್ದು, ಕಟ್ಟದ ಕಟ್ಟಡಕ್ಕೆ ಬಿಲ್ಲಾದದ್ದು ಬಯಲಾಯಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನಗಳ ಧರಣಿ ನಡೆಯಿತು. ಕಾಯ್ದೆಯ ಕರಡು ರೂಪಿಸಿದವರಲ್ಲಿ ನಿವೃತ್ತ ನ್ಯಾಯಮೂರ್ತಿಗಳೂ ಇದ್ದರು, ಪತ್ರಕರ್ತರೂ ಇದ್ದರು. ಆದರೂ ಅದರ ಪ್ರಶ್ನೆ ಹುಟ್ಟಿದ್ದು ಕೂಲಿಯ ಲೆಕ್ಕದಿಂದ ಎಂಬುದನ್ನು ಮರೆತರೆ ಈ ಕಾಯ್ದೆ ಅರ್ಥವಾಗುವುದಿಲ್ಲ.

ಕೇಂದ್ರಕ್ಕಿಂತ ಮೊದಲೇ ರಾಜ್ಯಗಳು ಕಾಯ್ದೆ ಮಾಡಿದವು. 1997ರಲ್ಲಿ ತಮಿಳುನಾಡು ಮತ್ತು ಗೋವಾ, 2000ದಲ್ಲಿ ರಾಜಸ್ಥಾನ ಮತ್ತು ಕರ್ನಾಟಕ. ಕರ್ನಾಟಕದ ಕಾಯ್ದೆ ಜಾರಿಗೆ ಬಂದದ್ದು 2002ರಲ್ಲಿ. ಅದರಲ್ಲಿ ಪ್ರತ್ಯೇಕ ಮಾಹಿತಿ ಆಯೋಗವಿರಲಿಲ್ಲ. ಎರಡನೇ ಮೇಲ್ಮನವಿ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕಿತ್ತು. ಕೇಂದ್ರದ 2002ರ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಅಂಗೀಕಾರವಾಗಿಯೂ ಒಂದು ದಿನವೂ ಜಾರಿಯಾಗಲಿಲ್ಲ.

ವ್ಯಾಪ್ತಿ

2005ರ ಕಾಯ್ದೆಯ ಬಲವಿರುವುದು ಅದರ ಸರಳತೆಯಲ್ಲಿ. ಹತ್ತು ರೂಪಾಯಿ ಶುಲ್ಕ, ಬಿಳಿ ಹಾಳೆಯ ಅರ್ಜಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವೂ ಇಲ್ಲ. ಏಕೆ ಬೇಕು ಎಂದು ಅಧಿಕಾರಿ ಕೇಳುವಂತಿಲ್ಲ. 30 ದಿನಗಳಲ್ಲಿ ಉತ್ತರ ಕೊಡಬೇಕು, ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಿದ್ದರೆ 48 ಗಂಟೆಗಳಲ್ಲಿ. ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಮಾಹಿತಿ ಆಯೋಗ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕಬಹುದು. ಅದನ್ನು ಕಟ್ಟಬೇಕಾದವರು ಆ ಅಧಿಕಾರಿಯೇ, ಇಲಾಖೆಯಲ್ಲ. ಆದರೆ ಕರ್ನಾಟಕದ ನಿಯಮಗಳು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು ಎಂಬ ಕಟ್ಟು ಹಾಕಿದವು. ಕೇಂದ್ರದ ನಿಯಮದಲ್ಲಿ ಮಿತಿ 500 ಪದ.

ಕಡತದ ಟಿಪ್ಪಣಿ ಹಾಳೆಗಳ ವಿಷಯ ಪ್ರತ್ಯೇಕವಾಗಿ ಹೇಳಬೇಕಾದದ್ದು. ಗುಮಾಸ್ತರಿಂದ ಕಾರ್ಯದರ್ಶಿಯವರೆಗೆ ಯಾರು ಏನು ಬರೆದರು, ಯಾರ ಷರಾದಿಂದ ತೀರ್ಮಾನ ತಿರುಗಿತು ಎಂಬುದು ಗೊತ್ತಾಗುವುದು ಅಲ್ಲಿಯೇ. 2006ರಲ್ಲಿ ಇವನ್ನು ಕಾಯ್ದೆಯಿಂದ ಹೊರಗಿಡಲು ಕೇಂದ್ರ ಸಂಪುಟ ಹೊರಟಿತು. ದೇಶದಾದ್ಯಂತ ವಿರೋಧ ಎದ್ದಾಗ ಕೈಬಿಟ್ಟಿತು. ಮುಂದೆ ವ್ಯಾಪ್ತಿ ಇನ್ನಷ್ಟು ಬೆಳೆಯಿತು. ಪರೀಕ್ಷಾರ್ಥಿ ತನ್ನ ಉತ್ತರ ಪತ್ರಿಕೆಯನ್ನು ನೋಡಬಹುದು ಎಂದು 2011ರಲ್ಲಿ, ಬ್ಯಾಂಕುಗಳ ತಪಾಸಣಾ ವರದಿಗಳನ್ನು ರಿಸರ್ವ್ ಬ್ಯಾಂಕ್ ಬಚ್ಚಿಡುವಂತಿಲ್ಲ ಎಂದು 2015ರಲ್ಲಿ, ಮುಖ್ಯ ನ್ಯಾಯಮೂರ್ತಿಯ ಕಚೇರಿಯೂ ಈ ಕಾಯ್ದೆಗೆ ಒಳಪಡುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಮಿತಿಗಳು

8ನೇ ಪ್ರಕರಣ ವಿನಾಯಿತಿಗಳನ್ನು ಪಟ್ಟಿಮಾಡುತ್ತದೆ: ದೇಶದ ಭದ್ರತೆ, ಶಾಸಕಾಂಗದ ಹಕ್ಕುಚ್ಯುತಿ, ವ್ಯಾಪಾರ ರಹಸ್ಯ, ನಡೆಯುತ್ತಿರುವ ತನಿಖೆ, ಸಂಪುಟದ ಕಾಗದಗಳು, ಖಾಸಗಿ ವಿವರ ಇತ್ಯಾದಿ. ಇವುಗಳಲ್ಲಿ ಹಲವಕ್ಕೆ 20 ವರ್ಷಗಳ ನಂತರ ರಕ್ಷಣೆಯಿಲ್ಲ. ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳನ್ನು 24ನೇ ಪ್ರಕರಣ ಹೊರಗಿಟ್ಟಿದೆ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ದೂರುಗಳನ್ನು ಬಿಟ್ಟು. ಗುಪ್ತಚರ ಸಂಸ್ಥೆಯಲ್ಲದ ಸಿಬಿಐಯನ್ನೂ 2011ರಲ್ಲಿ ಈ ಪಟ್ಟಿಗೆ ಸೇರಿಸಿದ್ದು ಸಮರ್ಥಿಸಲು ಕಷ್ಟವಾದ ಕ್ರಮ. ಕಚೇರಿ ತನ್ನಲ್ಲಿ ಇಲ್ಲದ ಮಾಹಿತಿಯನ್ನು ಸೃಷ್ಟಿಸಿ ಕೊಡಬೇಕಾಗಿಲ್ಲ ಎಂಬ ಮಿತಿಯೂ ಇದೆ, ಅದು ನ್ಯಾಯವಾದದ್ದೇ.

ಯಾವ ಸಂಸ್ಥೆ ‘ಸಾರ್ವಜನಿಕ ಪ್ರಾಧಿಕಾರ’ ಎಂಬ ಪ್ರಶ್ನೆ ಇನ್ನೂ ಜಟಿಲ. ಸರ್ಕಾರದ ಹಿಡಿತ ಅಥವಾ ಗಣನೀಯ ಹಣಕಾಸು ನೆರವು ಇಲ್ಲದ ಸಹಕಾರ ಸಂಘಗಳು ಕಾಯ್ದೆಗೆ ಒಳಪಡುವುದಿಲ್ಲ ಎಂದು 2013ರ ತೀರ್ಪು ಹೇಳಿತು. ಅದೇ ವರ್ಷ ಕೇಂದ್ರ ಮಾಹಿತಿ ಆಯೋಗ ಆರು ರಾಷ್ಟ್ರೀಯ ಪಕ್ಷಗಳನ್ನು ಕಾಯ್ದೆಯ ಕೆಳಗೆ ತಂದಿತು. ಯಾವ ಪಕ್ಷವೂ ಆದೇಶ ಪಾಲಿಸಲಿಲ್ಲ, ಸರಿಯಾಗಿ ಪ್ರಶ್ನಿಸಲೂ ಇಲ್ಲ. ಬೇರೆಲ್ಲದರಲ್ಲೂ ಕಚ್ಚಾಡುವ ಪಕ್ಷಗಳು ಒಮ್ಮತಕ್ಕೆ ಬಂದ ಅಪರೂಪದ ಸಂಗತಿಯಿದು.

ಆಯೋಗಗಳನ್ನು ದುರ್ಬಲಗೊಳಿಸಿದ್ದು 2019ರ ತಿದ್ದುಪಡಿ. ಆಯುಕ್ತರ ಅವಧಿ ಮತ್ತು ವೇತನವನ್ನು ಕಾಯ್ದೆಯಿಂದ ತೆಗೆದು ಕೇಂದ್ರ ಸರ್ಕಾರದ ನಿಯಮಗಳಿಗೆ ಬಿಟ್ಟಿತು. ಐದು ವರ್ಷಗಳ ಅವಧಿ ಮೂರಕ್ಕಿಳಿಯಿತು. ಖಾಲಿ ಹುದ್ದೆಗಳು ಇನ್ನೊಂದು ಬಾಧೆ. ಜಾರ್ಖಂಡ್‌ನ ಆಯೋಗ 2020ರಿಂದ ವರ್ಷಗಟ್ಟಲೆ ಆಯುಕ್ತರೇ ಇಲ್ಲದೆ ಉಳಿಯಿತು. ಎರಡನೇ ಮೇಲ್ಮನವಿ ವಿಚಾರಣೆಗೆ ಬರುವ ಹೊತ್ತಿಗೆ ಕೇಳಿದ ಕಾಮಗಾರಿಯೇ ಮುಗಿದು, ಅಧಿಕಾರಿ ವರ್ಗವಾಗಿರುತ್ತಾರೆ. ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹಕ್ಕೆ ಕಾಯ್ದೆಯಲ್ಲಿ ಆಧಾರವಿಲ್ಲ, ಆದರೂ ಅದು ಎಲ್ಲ ವಿನಾಯಿತಿಗಳಿಗಿಂತ ಗಟ್ಟಿ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಖಾಸಗಿತನದ ಹೆಸರಿನಲ್ಲಿ ಬಂತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅರ್ಜಿದಾರರಾಗಿದ್ದ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದನ್ನು ಮುಂದಿಟ್ಟುಕೊಂಡು ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನೇ ಬದಲಿಸಿತು. ಮೊದಲು ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವಿವರಕ್ಕಷ್ಟೇ ರಕ್ಷಣೆಯಿತ್ತು. ಈಗ ‘ವೈಯಕ್ತಿಕ ಮಾಹಿತಿ’ ಎಂದರೆ ಸಾಕು. ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಯಾಯಿತು. ಹಾಜರಿ ಪಟ್ಟಿಯಲ್ಲಿರುವುದೂ ಹೆಸರುಗಳೇ, ಫಲಾನುಭವಿಗಳ ಯಾದಿಯಲ್ಲಿರುವುದೂ ಹೆಸರುಗಳೇ. ಇವನ್ನು ನಿರಾಕರಿಸಲು ಇನ್ನು ಹೆಚ್ಚು ಶ್ರಮಪಡಬೇಕಿಲ್ಲ.

ಉಳಿದಿರುವ ದಾರಿ 8(2). ಗುಟ್ಟು ಕಾಯುವುದರಿಂದ ಆಗುವ ಲಾಭಕ್ಕಿಂತ ಸಾರ್ವಜನಿಕ ಹಿತ ದೊಡ್ಡದಾದರೆ ವಿನಾಯಿತಿಯಿದ್ದರೂ ಮಾಹಿತಿ ಕೊಡಬಹುದು ಎನ್ನುತ್ತದೆ ಅದು. ಕಾರಣ ಹೇಳಬೇಕಿಲ್ಲ ಎನ್ನುವ 6ನೇ ಪ್ರಕರಣ ಹಾಗೆಯೇ ಇದೆ. ಆದರೂ ವ್ಯಕ್ತಿಗಳ ಹೆಸರಿರುವ ದಾಖಲೆ ಕೇಳುವವರು ಸಾರ್ವಜನಿಕ ಹಿತವೇನೆಂದು ಅರ್ಜಿಯಲ್ಲೇ ಎರಡು ಸಾಲು ಬರೆದು, 8(2)ನ್ನು ಹೆಸರಿಸುವುದು ಒಳ್ಳೆಯದು.